ದೊಡ್ಡಿಯ ಲೆಕ್ಕದ ಪುಸ್ತಕ

ನಾನು ಹುಡುಗಿಯಾಗಿದ್ದಾಗ ನಮ್ಮ ಬಾಳೂರಿನ ಕಡೆ ಅಕ್ಕಪಕ್ಕದವರ ಜಗಳಕ್ಕೆ ಎರಡೇ ಕಾರಣ. ಒಂದು ಬೇಲಿ, ಇನ್ನೊಂದು ದನ. ಸಸಿಮಡಿಗೆ ಬಾಯಿ ಹಾಕಿದ ದನವನ್ನು "ದೊಡ್ಡಿಗೆ ಹೊಡೀತೀನಿ" ಎಂದು ಹೆದರಿಸದ ಗದ್ದೆಯವರೇ ಇರಲಿಲ್ಲ. ಬಯಲುಸೀಮೆಯವರು ಕೊಂಡವಾಡ ಎನ್ನುತ್ತಾರಲ್ಲ, ಅದೇ ನಮ್ಮ ದೊಡ್ಡಿ.

ಒಂದು ಆಷಾಢದಲ್ಲಿ ನಮ್ಮ ಗೌರಿಯನ್ನೂ ಪಕ್ಕದ ಊರಿನ ದೊಡ್ಡಿಗೆ ಹೊಡೆದರು. ಅಪ್ಪ ಊರಲ್ಲಿರಲಿಲ್ಲ. ಅಮ್ಮ ಕಂಬಳಿಕೊಪ್ಪೆ ಹಾಕಿಕೊಂಡು, ಸೆರಗಿನ ತುದಿಗೆ ದಂಡದ ದುಡ್ಡು ಗಂಟು ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಹೊರಟಳು. ಹೋಗಿ ನೋಡಿದರೆ ಗೌರಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತಿದೆ. ಅರ್ಧ ಮಾಡಿಗೆ ಹೆಂಚಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿದೆ. ಅಮ್ಮ ದುಡ್ಡು ಕೊಟ್ಟಳು. ದೊಡ್ಡಿಯವನು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಅಮ್ಮ ಮೆಲ್ಲಗೆ ಕೇಳಿದಳು:

"ನಿನ್ನೆ ಸಂಜೆಯಿಂದ ಇದಕ್ಕೆ ಎಷ್ಟು ಹುಲ್ಲು ಹಾಕಿದ್ದೀರಿ? ಅದನ್ನೂ ಬರೆದಿದ್ದೀರಾ?"

ಅವನು ನಕ್ಕ. "ಅಮ್ಮಾ, ದುಡ್ಡಿನ ಲೆಕ್ಕ ಬರೀತೀವಿ. ಹುಲ್ಲಿನ ಲೆಕ್ಕ ಯಾರು ಕೇಳ್ತಾರೆ?"

"ನಾನು ಕೇಳ್ತಾ ಇದೀನಲ್ಲ," ಎಂದಳು ಅಮ್ಮ.

ದಾರಿಯುದ್ದಕ್ಕೂ ನನಗೆ ನಾಚಿಕೆಯಾಗಿತ್ತು. ಅಮ್ಮ ಸುಮ್ಮನೆ ಜಗಳ ತೆಗೆದಳು ಎಂದುಕೊಂಡಿದ್ದೆ. ಆ ಪ್ರಶ್ನೆ ಕಾನೂನಿನಲ್ಲೇ ಇತ್ತೆಂದು ತಿಳಿದದ್ದು, ಟೀಚರಾಗಿ ಮಕ್ಕಳಿಗೆ ಚರಿತ್ರೆ ಹೇಳಿಕೊಡಲು ಶುರುಮಾಡಿ ಬಹಳ ವರ್ಷಗಳಾದ ಮೇಲೆ.

ಬ್ರಿಟಿಷರ ಸರ್ಕಾರ 1871ರಲ್ಲಿ ಜಾನುವಾರು ಅತಿಕ್ರಮಣ ಕಾಯಿದೆಯನ್ನು ಮಾಡಿತು. 1966ರಲ್ಲಿ ನಮ್ಮ ರಾಜ್ಯವೂ ಇದೇ ವಿಷಯಕ್ಕೆ ತನ್ನದೇ ಕಾಯಿದೆ ಮಾಡಿಕೊಂಡಿತು. ಹಳೆಯ ಕಾಯಿದೆಯನ್ನು ಓದುವಾಗ ನನಗೆ ಆಶ್ಚರ್ಯವಾಯಿತು. ದೊಡ್ಡಿಯವನು ಪುಸ್ತಕ ಇಡಬೇಕು. ಯಾವ ದನ, ಯಾವಾಗ ಬಂತು, ಯಾರು ತಂದರು, ಎಲ್ಲ ಬರೆಯಬೇಕು. ಬಿಡಿಸಿಕೊಂಡು ಹೋಗುವ ತನಕ ಮೇವು ನೀರು ಕೊಡಬೇಕು. ಏಳು ದಿನಗಳಲ್ಲಿ ಯಾರೂ ಬಾರದಿದ್ದರೆ ಮೇಲಿನವರಿಗೆ ತಿಳಿಸಬೇಕು, ನೋಟೀಸು ಅಂಟಿಸಬೇಕು, ಮತ್ತೂ ಏಳು ದಿನ ಕಾದು ಬಹಿರಂಗ ಹರಾಜು ಹಾಕಬೇಕು. ಆ ಹರಾಜಿನಲ್ಲಿ ದೊಡ್ಡಿಯವನು ತಾನೇ ಕೊಳ್ಳುವಂತಿಲ್ಲ. ಸಾಕಷ್ಟು ಮೇವು ನೀರು ಕೊಡದಿದ್ದರೆ ಅವನಿಗೇ 50 ರೂಪಾಯಿಯವರೆಗೆ ದಂಡ! ಆ ಕಾಲದ 50 ರೂಪಾಯಿ ಸಣ್ಣದಲ್ಲ.

ಕಾನೂನು ಮಾಡಿದವರಿಗೆ ದನಗಳ ಮೇಲಿನ ಪ್ರೀತಿಗಿಂತ ಬೆಳೆಯ ಚಿಂತೆಯೇ ಹೆಚ್ಚಾಗಿದ್ದಿರಬಹುದು. ಆದರೂ ಒಂದು ವಿಷಯ ಅವರಿಗೆ ಗೊತ್ತಿತ್ತು. ಮಾತು ಬಾರದ ಪ್ರಾಣಿಯನ್ನು ಗೋಡೆಯೊಳಗೆ ಕೂಡಿದ ಮೇಲೆ ಅದರ ಪರವಾಗಿ ಮಾತನಾಡುವುದು ಪುಸ್ತಕವೊಂದೇ.

ಅದೇ 1871ರಲ್ಲಿ ಲಂಡನ್ನಿನಲ್ಲಿ ಒಂದು ನಾಯಿಮನೆ ಬ್ಯಾಟರ್ಸೀ ಎಂಬ ಜಾಗಕ್ಕೆ ಸ್ಥಳಾಂತರವಾಯಿತು. ಅದನ್ನು 1860ರಲ್ಲಿ ಹಾಲೊವೇ ಎಂಬಲ್ಲಿ ಶುರುಮಾಡಿದವರು ಮೇರಿ ಟೀಲ್ಬಿ ಎಂಬ ಮಹಿಳೆ. ಆಗ ಪತ್ರಿಕೆಗಳು ಅವರನ್ನು ಗೇಲಿ ಮಾಡಿದ್ದವು. ಅಮೆರಿಕದ ಫಿಲಡೆಲ್ಫಿಯದಲ್ಲಿ ಕ್ಯಾರೊಲಿನ್ ಅರ್ಲ್ ವೈಟ್ ಪ್ರಾಣಿದಯಾ ಸಂಘ ಕಟ್ಟಲು ಓಡಾಡಿದರು. ಸಂಘವಾದ ಮೇಲೆ ಆಡಳಿತದಲ್ಲಿ ಕೂತವರೆಲ್ಲ ಗಂಡಸರೇ. ಆಕೆ ಬೇಸರಪಟ್ಟು ಮನೆಯಲ್ಲಿ ಕೂರಲಿಲ್ಲ. 1869ರಲ್ಲಿ ಮಹಿಳೆಯರದೇ ಶಾಖೆ ಮಾಡಿ, ಮುಂದೆ ಆ ಊರಿನ ನಾಯಿದೊಡ್ಡಿಯ ಆಡಳಿತವನ್ನೇ ವಹಿಸಿಕೊಂಡರು. ಹಿಡಿದು ಕೊಲ್ಲುವುದಷ್ಟೇ ಕೆಲಸವಾಗಿದ್ದ ದೊಡ್ಡಿಯಲ್ಲಿ ಮೇವು, ನೆರಳು, ಹೊಸ ಮನೆ ಹುಡುಕಿಕೊಡುವ ಏರ್ಪಾಡು ಬಂತು.

ನಮ್ಮ ದೇಶದಲ್ಲೂ ಈ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ಅವರನ್ನು ನೀವೆಲ್ಲ ಬಲ್ಲಿರಿ. ರಾಜ್ಯಸಭೆಯ ಸದಸ್ಯೆಯಾಗಿ ಪ್ರಾಣಿಹಿಂಸೆ ತಡೆಯುವ ಮಸೂದೆಯನ್ನು ಮುಂದಿಟ್ಟವರು ಅವರೇ. ಅದರ ಫಲ 1960ರ ಕಾಯಿದೆ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅದರ ಮೊದಲ ಅಧ್ಯಕ್ಷೆಯೂ ಅವರೇ. ಬೆಂಗಳೂರಿನ ಕ್ಯೂಪಾ ಸಂಸ್ಥೆಯನ್ನು 1991ರಲ್ಲಿ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಇಂಗ್ಲೆಂಡಿನವರು. ಅದಕ್ಕೆ ಮೊದಲು ದೆಹಲಿ, ಜೈಪುರಗಳಲ್ಲೂ ಇಂಥದೇ ಕೆಲಸ ಮಾಡಿದ್ದರು. ಬೆಂಗಳೂರಿನಲ್ಲಿ ಕೆಲಸ ಹಿಡಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಐವತ್ತಕ್ಕೇ ಮಂಡಿ ನೋವೆಂದು ಗೊಣಗುವ ನನ್ನಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗೆಂದು ಇದು ಬರೀ ದಯೆಯ ಮಾತಲ್ಲ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಎರಡು ಪುಟ್ಟ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. ಆ ತಾಯಂದಿರ ಮುಂದೆ ನಿಂತು ಪ್ರಾಣಿದಯೆಯ ಪಾಠ ಹೇಳುವ ಧೈರ್ಯ ನನಗಿಲ್ಲ. ನಮ್ಮ ಶಾಲೆಯಲ್ಲೇ ಮೂರನೇ ತರಗತಿಯ ಹುಡುಗನಿಗೆ ನಾಯಿ ಕಚ್ಚಿತ್ತು. ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಗಾಯ ತೊಳೆದು, ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವನು ಪ್ರತಿ ಸೂಜಿಗೂ ನನ್ನ ಕೈ ಹಿಡಿದು ಅಳುತ್ತಿದ್ದ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಮತ್ತು ಲಸಿಕೆ ಮುಗಿಸಿ ಆಶ್ರಯ ಕೇಂದ್ರದಲ್ಲಿಡಬೇಕು, ಹಿಡಿದ ಜಾಗಕ್ಕೇ ಮರಳಿ ಬಿಡಬಾರದು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟರು, ಇನ್ನೊಬ್ಬರ ಕಣ್ಣಲ್ಲಿ ನೀರು. ಬಿಸಿಯೂಟದ ಎಲೆಯ ಅನ್ನ ತಿಂದು ಗೇಟಿನ ಹತ್ತಿರ ಮಲಗುವ ಕೆಂಚಿ ಎಲ್ಲಿಗೆ ಹೋಗಬೇಕು?

ಅದನ್ನು ತಿಳಿಯಲು ನಾವು ಮೂವರು ಟೀಚರುಗಳು ಒಂದು ಭಾನುವಾರ ನಗರದ ಒಂದು ಆಶ್ರಯ ಕೇಂದ್ರಕ್ಕೆ ಹೋದೆವು. ಕೆಲಸದವರು ಕೆಟ್ಟವರಲ್ಲ. ಇಬ್ಬರೇ ಇದ್ದರು, ಬೆಳಗಿನಿಂದ ಊಟ ಮಾಡಿರಲಿಲ್ಲ. ನಿನ್ನೆ ಬಂದ ಮರಿಗಳೂ ಭೇದಿಯಾಗಿ ಮಲಗಿದ್ದ ಮರಿಗಳೂ ಒಂದೇ ಕೋಣೆಯಲ್ಲಿ. ಗೋಡೆಯ ಮೇಲೆ, ಬಂದ ನಾಯಿಗಳ ಸಂಖ್ಯೆ ದೊಡ್ಡದಾಗಿ ಬರೆದಿತ್ತು. "ಹೋದವು ಎಷ್ಟು? ಎಲ್ಲಿಗೆ ಹೋದವು?" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಗೌರಿಯ ಕೆಚ್ಚಲು ನೆನಪಾಯಿತು.

ದಿನಕ್ಕೆ ಹತ್ತು ನಾಯಿ ಒಳಗೆ ಬಂದು ಎರಡೇ ಹೊರಗೆ ಹೋದರೆ ತಿಂಗಳಿಗೆ ಇನ್ನೂರ ನಲವತ್ತು ಉಳಿಯುತ್ತವೆ. ನಾಲ್ಕನೇ ತರಗತಿಯ ಲೆಕ್ಕ ಇದು. ಎಷ್ಟು ದೊಡ್ಡ ಕಟ್ಟಡ ಕಟ್ಟಿದರೂ ಸಾಲದು. ಕಿಕ್ಕಿರಿದಲ್ಲಿ ರೋಗ, ರೋಗವಿದ್ದಲ್ಲಿ ಸಾವು. ಹಾಗಾಗಿ ಒಳಬಾಗಿಲಿಗಿಂತ ಹೊರಬಾಗಿಲ ಕಡೆ ಹೆಚ್ಚು ಗಮನ ಬೇಕು. ಹೊಸದಾಗಿ ಬಂದದ್ದಕ್ಕೆ ಅದೇ ದಿನ ಲಸಿಕೆ, ಕೆಲವು ದಿನ ಬೇರೆ ಕೋಣೆ. ಕಾಯಿಲೆಯದಕ್ಕೆ ಬೇರೆಯೇ ಜಾಗ. ಕಳೆದುಹೋದ ಸಾಕುನಾಯಿಯ ಫೋಟೋ ಹೊರಗೆ ಅಂಟಿಸುವುದು. ಸಾಕುವವರು ಬಂದು ನೋಡಲು ಭಾನುವಾರ ಬಾಗಿಲು ತೆರೆದಿಡುವುದು. ದಿನವೂ ಬಂದವು, ಹೋದವು, ಸತ್ತವು, ಉಳಿದವು ಎಂದು ನಾಲ್ಕು ಅಂಕಣ ಬರೆದು, ಯಾರು ಕೇಳಿದರೂ ತೋರಿಸುವುದು.

ಲೆಕ್ಕ ಇಟ್ಟರೆ ಕೆಲಸ ಆಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಬೆಂಗಳೂರು ಮಹಾನಗರಪಾಲಿಕೆ 2019ರಲ್ಲಿ ಎಣಿಸಿದಾಗ ಬೀದಿನಾಯಿಗಳು ಸುಮಾರು 3.10 ಲಕ್ಷ ಇದ್ದವು. 2023ರಲ್ಲಿ ಸುಮಾರು 2.79 ಲಕ್ಷ. ಊರು ಬೆಳೆದರೂ ನಾಯಿಗಳು ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿದ್ದವು. ನೀವು ಬೀದಿಯಲ್ಲಿ ಕಿವಿಯ ಅಂಚು ಕತ್ತರಿಸಿದ ನಾಯಿ ನೋಡಿರಬಹುದು. ಸಂತಾನಹರಣ ಆಗಿದೆ ಎಂಬುದರ ಗುರುತು ಅದು. ಹಾಗೆಯೇ ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ಹುಚ್ಚುನಾಯಿ ರೋಗ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರನೇ ತರಗತಿಯ ಆ ಹುಡುಗನಿಗೂ ಕೆಂಚಿಗೂ ಒಳ್ಳೆಯದಾಗುವುದು ಇಂಥ ಎಣಿಕೆಯಿಂದಲೇ.

ಮೂವತ್ತು ವರ್ಷ ದಿನಾ ಬೆಳಿಗ್ಗೆ ಹಾಜರಿ ಕರೆದವಳು ನಾನು. ಒಂದು ಮಗು "ಬಂದೆ ಟೀಚರ್" ಎನ್ನದಿದ್ದರೆ ಯಾಕೆ ಬಂದಿಲ್ಲ ಎಂದು ಯಾರನ್ನಾದರೂ ಕಳಿಸಿ ನೋಡುತ್ತೇವೆ. ಹಾಜರಿ ಪುಸ್ತಕ ಇಲ್ಲದಿದ್ದರೆ ಆ ಮಗು ಕಾಣೆಯಾದದ್ದೇ ಗೊತ್ತಾಗುತ್ತಿರಲಿಲ್ಲ.

ಮುಂದಿನ ಭಾನುವಾರ ಶಾಲೆಯಲ್ಲಿ ಉಳಿದಿದ್ದ ಉದ್ದನೆಯ ರಿಜಿಸ್ಟರೊಂದನ್ನು ದುಡ್ಡು ಕೊಟ್ಟು ತೆಗೆದುಕೊಂಡು, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅಲ್ಲಿಗೆ ಕೊಟ್ಟುಬಂದೆವು. ಅವರು ಬೇಡವೆನ್ನಲಿಲ್ಲ. ಈಗ ತಿಂಗಳಿಗೊಮ್ಮೆ ಹೋಗಿ ನೋಡುತ್ತೇವೆ. ಕೆಲವು ದಿನಗಳ ಸಾಲು ಖಾಲಿ ಇರುತ್ತದೆ. "ಯಾಕೆ ಬರೆದಿಲ್ಲ?" ಎಂದು ಕೇಳುತ್ತೇನೆ. ಮೊದಮೊದಲು ಅವರಿಗೆ ಸಿಟ್ಟು ಬರುತ್ತಿತ್ತು. ಈಗ ನಾವು ಗೇಟು ದಾಟುವುದನ್ನು ಕಂಡರೆ ಸಾಕು, ಒಬ್ಬರು ಒಳಗೆ ಓಡಿ ಪುಸ್ತಕ ತರುತ್ತಾರೆ.

ನಿಮ್ಮ ಊರಿನಲ್ಲೂ ಇಂಥದೊಂದು ಜಾಗ ಇದ್ದರೆ ಒಮ್ಮೆ ಹೋಗಿ ಬನ್ನಿ. ಬಿಸ್ಕತ್ತು ತೆಗೆದುಕೊಂಡು ಹೋಗಿ, ತಪ್ಪಿಲ್ಲ. ಪುಸ್ತಕವನ್ನೂ ಕೇಳಿ.