ಉಬ್ಬಿದ ಪೆಟ್ಟಿಗೆಯ ಪೂರ್ವಕಥೆ

ಮಳೆಗಾಲದಲ್ಲಿ ಬಾಗಿಲು ಉಬ್ಬಿಕೊಂಡರೆ ನಾವು ಮರವನ್ನು ಬೈಯುತ್ತೇವೆ, ಬಡಗಿಯನ್ನು ಕರೆಸಿ ಅಂಚು ಹೆರೆಸುತ್ತೇವೆ. ಲ್ಯಾಪ್‌ಟಾಪಿನ ಮುಚ್ಚಳ ಸರಿಯಾಗಿ ಕೂಡದೆ ಹೋದಾಗಲೂ ನಮ್ಮ ಮನೆಗಳಲ್ಲಿ ಇದೇ ನ್ಯಾಯ. ಪ್ಲಾಸ್ಟಿಕ್ಕು ಸೊಟ್ಟಗಾಗಿದೆ ಎಂದುಕೊಂಡು, ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ, ಬೆಳಗಾಗುವುದರೊಳಗೆ ನೆಟ್ಟಗಾಗಲಿ ಎಂದು ಹಾರೈಸಿ ಮಲಗುವವರನ್ನು ನಾವು ಬಲ್ಲೆವು. ಪುಸ್ತಕಗಳಲ್ಲಿ ಒಂದು ನಿಘಂಟಿದ್ದರಂತೂ ಭಾರಕ್ಕೆ ಕೊರತೆಯಿಲ್ಲ. ಆದರೆ ಇದು ಅಪಾಯದ ಕೆಲಸ. ಮರದ ಬಾಗಿಲಿನಂತೆ ಈ ಪೆಟ್ಟಿಗೆ ತಾನಾಗಿ ಉಬ್ಬುವಂಥದ್ದಲ್ಲ. ಅನೇಕ ವೇಳೆ ಒಳಗೆ ಕುಳಿತ ಬ್ಯಾಟರಿ ಅದನ್ನು ನೂಕುತ್ತಿರುತ್ತದೆ. ಆ ಬ್ಯಾಟರಿ ಪೆಟ್ಟಿಗೆಯ ಹೊಟ್ಟೆಯೊಳಗೆ ಹೋಗಿ ಸೇರಿದ್ದು ಹೇಗೆ ಎಂಬುದಕ್ಕೆ ನಾಲ್ಕು ದಶಕಗಳ ಚರಿತ್ರೆಯಿದೆ.

1981ರಲ್ಲಿ ಬಂದ ಆಸ್ಬೋರ್ನ್ 1 ಎಂಬ ಯಂತ್ರವನ್ನು ಒಯ್ಯಬಹುದಾದ ಗಣಕವೆಂದು ಮಾರಿದರು. ತೂಕ ಸುಮಾರು 11 ಕಿಲೋ. ಹೊಲಿಗೆ ಯಂತ್ರವನ್ನು ಎತ್ತಿಕೊಂಡು ಹೋಗಬಲ್ಲವರು ಇದನ್ನೂ ಎತ್ತಿಕೊಂಡು ಹೋಗಬಹುದಾಗಿತ್ತು. ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಹೋದಲ್ಲೆಲ್ಲ ಗೋಡೆಯ ಪ್ಲಗ್ಗು ಹುಡುಕಬೇಕು. ಮರುವರ್ಷ, 1982ರಲ್ಲಿ, ಗ್ರಿಡ್ ಕಂಪಾಸ್ ಬಂತು. ಬಿಲ್ ಮಾಗ್ರಿಡ್ಜ್ ರೂಪಿಸಿದ ಇದು ಪುಸ್ತಕದಂತೆ ಮಡಿಸುವ ಯಂತ್ರ. ಇಂದಿನ ಲ್ಯಾಪ್‌ಟಾಪುಗಳ ಆಕಾರಕ್ಕೆ ಇದೇ ಮೂಲಪುರುಷ. ಹೊರಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿಯೂ ಅದು ಪ್ರಯಾಣ ಮಾಡಿತು. ಬೆಲೆ 8,000 ಡಾಲರಿಗೂ ಮೇಲೆ ಎಂದ ಮೇಲೆ ಗಟ್ಟಿತನಕ್ಕೆ ಕೊರತೆ ಮಾಡುವಂತೆಯೂ ಇರಲಿಲ್ಲ.

ಬ್ಯಾಟರಿ ಒಳಸೇರಿದ ಮೇಲೆ ಬೇರೆ ಬಗೆಯ ಫಜೀತಿ. 1989ರ ಮ್ಯಾಕಿಂಟೋಷ್ ಪೋರ್ಟಬಲ್‌ನಲ್ಲಿ ಕಾರಿನಲ್ಲಿರುವಂಥ ಸೀಸ-ಆಮ್ಲದ ಬ್ಯಾಟರಿ ಹಾಕಿದರು. ಒಟ್ಟು ತೂಕ 7 ಕಿಲೋ ದಾಟಿತು. ಬ್ಯಾಟರಿ ಪೂರ್ತಿ ಸತ್ತರೆ ಪ್ಲಗ್ಗಿಗೆ ಚುಚ್ಚಿದರೂ ಯಂತ್ರ ಏಳುತ್ತಿರಲಿಲ್ಲ. ಆಮೇಲೆ ನಿಕಲ್-ಕ್ಯಾಡ್ಮಿಯಂ, ನಿಕಲ್-ಲೋಹಹೈಡ್ರೈಡ್ ಬ್ಯಾಟರಿಗಳ ಕಾಲ. ಇವುಗಳಿಗೆ ತಮ್ಮದೇ ಆದ ಗಟ್ಟಿ ಗೂಡು; ಯಂತ್ರದ ತಳದಲ್ಲೋ ಹಿಂಬದಿಯಲ್ಲೋ ಒಂದು ಚಿಲಕ. ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಬ್ಯಾಟರಿಯ ಕಾಯಿಲೆ ಬಹುಮಟ್ಟಿಗೆ ಬ್ಯಾಟರಿಯಲ್ಲೇ ಉಳಿಯುತ್ತಿತ್ತು. ಈ ಚಿಲಕದ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇಷ್ಟರಲ್ಲಿ ಪ್ರಯೋಗಾಲಯಗಳಲ್ಲಿ ಲಿಥಿಯಂ ಎಂಬ ಹಗುರ ಲೋಹದ ಬೆನ್ನು ಹತ್ತಿದವರಿದ್ದರು. 1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿದ್ದ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ದಾರಿ ತೆರೆದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡಿನ ಧನಧ್ರುವವನ್ನು ತೋರಿಸಿಕೊಟ್ಟರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ, ಶುದ್ಧ ಲಿಥಿಯಂ ಲೋಹವನ್ನು ಬಿಟ್ಟು ಇಂಗಾಲದ ಋಣಧ್ರುವವನ್ನು ಹೂಡಿ, ಬಳಕೆಗೆ ಒಗ್ಗುವ ಕೋಶ ಕಟ್ಟಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಅಷ್ಟು ವಯಸ್ಸಿನಲ್ಲಿ ಆ ಪ್ರಶಸ್ತಿ ಪಡೆದವರು ಅದುವರೆಗೆ ಬೇರೊಬ್ಬರಿಲ್ಲ.

ಲ್ಯಾಪ್‌ಟಾಪುಗಳಿಗೆ ಮೊದಲು ಬಂದ ಲಿಥಿಯಂ ಕೋಶಗಳು ಹೆಚ್ಚಾಗಿ ಉರುಟಾದವು: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ, ಉಕ್ಕಿನ ಡಬ್ಬಿ. ಒಳಗೆ ಅನಿಲ ಹೆಚ್ಚಿದರೆ ವಿದ್ಯುತ್ತನ್ನು ಕಡಿದುಹಾಕುವ ಪುಟ್ಟ ಬಿಲ್ಲೆ, ಅದೂ ಸಾಲದಿದ್ದರೆ ಅನಿಲ ಹೊರಬಿಡುವ ಬಾಯಿ. ಡಬ್ಬಿ ಗಟ್ಟಿಯಾದ್ದರಿಂದ ಉಬ್ಬು ಹೊರಗೆ ಕಾಣುತ್ತಿರಲಿಲ್ಲ. ಇದರರ್ಥ ಅವು ಸಾಧುಗಳೆಂದಲ್ಲ. 2006ರ ಆಗಸ್ಟಿನಲ್ಲಿ ಡೆಲ್ ಕಂಪನಿ ಸುಮಾರು 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಯಿತು. ಅದೇ ತಿಂಗಳು ಆಪಲ್ ಸುಮಾರು 18 ಲಕ್ಷ. ಸೋನಿ ತಯಾರಿಸಿದ ಕೋಶಗಳೊಳಗೆ ಲೋಹದ ಕಣಗಳು ಸೇರಿ, ಕೆಲವು ಬೆಂಕಿ ಹತ್ತಿ ಉರಿದಿದ್ದವು. ಆದರೆ ಅಂದಿನ ಉಪಾಯ ಎಷ್ಟು ಸುಲಭ ನೋಡಿ: ಚಿಲಕ ಸರಿಸಿ, ಬ್ಯಾಟರಿ ತೆಗೆದು, ಯಂತ್ರವನ್ನು ಗೋಡೆಯ ವಿದ್ಯುತ್ತಿನಿಂದ ನಡೆಸುತ್ತ, ಹೊಸದು ಬರುವ ತನಕ ಕಾಯುವುದು.

2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸಾನ್‌ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಒಂದು ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದರು. ದಪ್ಪ ಹೆಚ್ಚೆಂದರೆ 19.4 ಮಿಲಿಮೀಟರ್. ಜನ ಚಪ್ಪಾಳೆ ತಟ್ಟಿದರು. ಬ್ಯಾಟರಿಯ ಚಿಲಕ ಮಾಯವಾದದ್ದು ಆ ಸಡಗರದಲ್ಲಿ ಅನೇಕರಿಗೆ ದೊಡ್ಡದಾಗಿ ಕಾಣಲಿಲ್ಲ. 2011ರಲ್ಲಿ ಇಂಟೆಲ್ ಕಂಪನಿ ಅಲ್ಟ್ರಾಬುಕ್ ಎಂಬ ಹೆಸರಿನಡಿ ಉಳಿದ ತಯಾರಕರನ್ನೂ ಇದೇ ತೆಳುತನದ ಪಂದ್ಯಕ್ಕೆ ಇಳಿಸಿತು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲಿ ಬ್ಯಾಟರಿಯನ್ನು ಹೊರಕವಚಕ್ಕೆ ಅಂಟಿನಿಂದಲೇ ಕೂಡಿಸಿದರು. ಉರುಟು ಡಬ್ಬಿಗೆ ಇಂಥ ತೆಳು ಮೈಯಲ್ಲಿ ಜಾಗವೆಲ್ಲಿ? ಅದರ ಸ್ಥಾನಕ್ಕೆ ಚಪ್ಪಟೆ ಚೀಲದ ಕೋಶಗಳು ಬಂದವು. ಅಲ್ಯೂಮಿನಿಯಂ ಹಾಳೆ, ಪ್ಲಾಸ್ಟಿಕ್ ಪದರ, ಅಷ್ಟೆ. ಚಿಪ್ಸಿನ ಪೊಟ್ಟಣವನ್ನು ಕಂಡವರಿಗೆ ಬೇರೆ ವಿವರಣೆ ಬೇಡ.

ಈ ಚೀಲ ಉಬ್ಬುವುದು ಪೂರಿ ಉಬ್ಬಿದಂತೆಯೇ, ಒಳಗಿನ ಅನಿಲದಿಂದ. ಕೋಶದ ದ್ರಾವಣ ಕಾರ್ಬೊನೇಟ್ ಜಾತಿಯ ಉರಿಯುವ ದ್ರವ. ಪೂರ್ತಿ ಚಾರ್ಜಾದ ಸ್ಥಿತಿಯಲ್ಲಿ ಬಹುಕಾಲ ಇಟ್ಟರೆ, ಅದರ ಜೊತೆಗೆ ಬಿಸಿಯೂ ಸೇರಿದರೆ, ಆ ದ್ರವ ಸ್ವಲ್ಪ ಸ್ವಲ್ಪವಾಗಿ ಒಡೆದು ಇಂಗಾಲದ ಡೈಆಕ್ಸೈಡ್, ಮೊನಾಕ್ಸೈಡ್, ಹೈಡ್ರೋಕಾರ್ಬನ್ ಮುಂತಾದ ಅನಿಲಗಳಾಗುತ್ತದೆ. ತಯಾರಿಕೆಯಲ್ಲಿ ತೇವ ಉಳಿದಿದ್ದರೂ ಹಾಗೆಯೇ. ವರ್ಷಗಟ್ಟಲೆ ಅಟ್ಟದ ಮೇಲಿಟ್ಟು ಪೂರ್ತಿ ಬರಿದಾಗಲು ಬಿಟ್ಟರೂ ಕೋಶ ಕೆಡುತ್ತದೆ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಲ್ಯಾಪ್‌ಟಾಪುಗಳು ಮನೆಗಳಲ್ಲಿ ಹಗಲಿರುಳೂ ಪ್ಲಗ್ಗಿಗೆ ಕಟ್ಟಿಕೊಂಡು ದುಡಿದವು, ಕೆಲವು ಹಾಸಿಗೆಯ ಮೇಲೆ, ಗಾಳಿ ಹೋಗುವ ಕಂಡಿ ಮುಚ್ಚಿಕೊಂಡು. ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಉಪಚಾರವನ್ನು ಬೇಕೆಂದು ಯೋಚಿಸಿದರೂ ಹೊಂದಿಸುವುದು ಕಷ್ಟ. ಈಚಿನ ಯಂತ್ರಗಳಲ್ಲಿ ಚಾರ್ಜನ್ನು ಶೇಕಡಾ 80ರಲ್ಲಿ ನಿಲ್ಲಿಸುವ ಏರ್ಪಾಡು ಇರುವುದು ಇದಕ್ಕಾಗಿಯೇ.

ಪೆಟ್ಟಿಗೆ ಸೊಟ್ಟಗಾಗುವುದಕ್ಕೆ ಬ್ಯಾಟರಿಯೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಮುಚ್ಚಳದ ಕೀಲುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಿಗೆ ಬಿಗಿದಿರುತ್ತಾರೆ. ಕೀಲು ಬಿಗಿಯಾದ ಮೇಲೂ ಒಂದೇ ಮೂಲೆ ಹಿಡಿದು ಎಳೆದು ತೆರೆಯುತ್ತಿದ್ದರೆ ಅವು ಕಿತ್ತುಬಂದು ಹಿಂಬದಿಯ ಮೂಲೆ ಬಾಯಿಬಿಡುತ್ತದೆ. ವಿರಾರಿನಿಂದಲೋ ಡೊಂಬಿವಿಲಿಯಿಂದಲೋ ಲೋಕಲ್ ಹತ್ತುವವರ ಬೆನ್ನಿನ ಚೀಲದಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕುವ ಮರ್ಯಾದೆಯನ್ನು ನಾವು ವರ್ಣಿಸಬೇಕಾಗಿಲ್ಲ. ರಿಪೇರಿಯಾದ ಮೇಲೆ ಎರಡು ಸ್ಕ್ರೂ ಮೇಜಿನ ಮೇಲೆಯೇ ಉಳಿದುಹೋಗುವುದೂ ಉಂಟು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಪ್ಲಾಸ್ಟಿಕ್ಕು ಕರಗಿ ಬಾಗಿತೆನ್ನುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಲ್ಯಾಪ್‌ಟಾಪುಗಳಿಗೆ ಬಳಸುವ ಎಬಿಎಸ್ ಪ್ಲಾಸ್ಟಿಕ್ಕು ಮೆತ್ತಗಾಗಲು ಸುಮಾರು 100 ಡಿಗ್ರಿ ಸೆಲ್ಸಿಯಸ್ ಬೇಕು. ಕಾರು ಅಷ್ಟು ಕಾಯದು. ಆದರೆ ಆ ಕಾವು ಬ್ಯಾಟರಿಯನ್ನು ಬೇಗ ಮುದಿಮಾಡುತ್ತದೆ, ಅದು ಆಮೇಲೆ ಪೆಟ್ಟಿಗೆಯನ್ನು ನೂಕುತ್ತದೆ.

ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ. ಸೊಟ್ಟ ಹಿಂಬದಿಯ ಮೂಲೆಯಲ್ಲಿದ್ದು, ತೆರೆಯುವಾಗ ಕಿರುಗುಟ್ಟಿದರೆ ಕೀಲಿನ ದೋಷ. ಒಂದು ಅಂಚು ಮಾತ್ರ ತಗ್ಗಿ ಗೀರು ಬಿದ್ದಿದ್ದರೆ ಪೆಟ್ಟು. ಆದರೆ ಅಂಗೈ ಊರುವ ಜಾಗ ಮೇಲೆದ್ದು, ಬೆರಳಾಡಿಸುವ ಟಚ್‌ಪ್ಯಾಡ್ ಒತ್ತಲು ಬಾರದೆ, ಯಂತ್ರ ಸಮತಟ್ಟು ಮೇಜಿನ ಮೇಲೆ ಒಲೆದಾಡಿದರೆ ಬ್ಯಾಟರಿಯನ್ನೇ ಶಂಕಿಸಬೇಕು; ಹೆಚ್ಚಿನ ಯಂತ್ರಗಳಲ್ಲಿ ಅದು ಮಲಗಿರುವುದು ಅಲ್ಲಿಯೇ. ಆಗ ಯಂತ್ರ ಆರಿಸಿ, ಪ್ಲಗ್ಗು ಕಿತ್ತು, ಮತ್ತೆ ಚಾರ್ಜು ಮಾಡದೆ ಇಡಬೇಕು. ಒತ್ತಬಾರದು, ಅನಿಲ ಹೋಗಲೆಂದು ಸೂಜಿ ಚುಚ್ಚುವುದು ಬೆಂಕಿಯನ್ನು ಕರೆದಂತೆ. ಉಬ್ಬಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಆದ್ದರಿಂದ ಊರಿಗೆ ಹೋದಾಗ ರಿಪೇರಿ ಮಾಡಿಸೋಣವೆಂಬ ಲೆಕ್ಕಾಚಾರ ಬೇಡ. ಕಸದ ಬುಟ್ಟಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಚಿಲಕದ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನಂತೆ, ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ಅಂಗಡಿಯಲ್ಲಿ ಸಿಕ್ಕುವ ಸಾಮಾನ್ಯ ಸಲಕರಣೆಗಳಿಂದ ತೆಗೆದು ಬದಲಿಸುವಂತಿರಬೇಕು; ಜಾರಿಯ ದಿನ 2027ರ ಫೆಬ್ರವರಿ 18. ಅಲ್ಲಿಗಾಗಿ ಹಾಗೆ ಕಟ್ಟಿದ ಯಂತ್ರಗಳು ಇಲ್ಲಿಗೂ ಬರಬಹುದೆಂಬ ಆಸೆ ನಮ್ಮದು. ಅಲ್ಲಿಯ ತನಕ ಮುಂಬಯಿಯ ಲ್ಯಾಮಿಂಗ್‌ಟನ್ ರೋಡ್, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡುಗಳ ಕುಶಲಿಗಳೇ ಗತಿ. ಬ್ಯಾಟರಿ ತೆಗೆದ ಮೇಲೆ ಪ್ಲಾಸ್ಟಿಕ್ಕಿನ ಕವಚ ಎಷ್ಟೋ ಸಲ ತಾನಾಗಿಯೇ ಮೊದಲಿನ ಆಕಾರಕ್ಕೆ ಮರಳುತ್ತದೆ. ಅಲ್ಯೂಮಿನಿಯಂ ಒಮ್ಮೆ ಚೆನ್ನಾಗಿ ಬಾಗಿತೆಂದರೆ ಬಾಗಿದ ಹಾಗೆಯೇ ಉಳಿಯುತ್ತದೆ. ಅದನ್ನು ಬದಲಿಸುವ ಖರ್ಚು ಬ್ಯಾಟರಿಯದಕ್ಕಿಂತ ಹೆಚ್ಚಾಗುವುದೂ ಉಂಟು.