ಬ್ರಿಟಿಷ್ ರೇಸಿಂಗ್ ಹಸಿರು
ಜಾಗ್ವಾರ್ ಇ-ಟೈಪ್, 3.8 ಲೀಟರ್, 1961–64. ಉಕ್ಕಿನ ಮೈ. ತಯಾರಾದದ್ದು ಇಂಗ್ಲೆಂಡಿನ ಕೊವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ.

ಈ ಕಡುಹಸಿರು ಬಂದದ್ದು ರೇಸಿನ ಕಣದಿಂದ. 1903ರಲ್ಲಿ ಐರ್ಲೆಂಡಿನಲ್ಲಿ ನಡೆದ ಗಾರ್ಡನ್ ಬೆನೆಟ್ ಕಪ್‌ಗೆ ಬ್ರಿಟನ್ನಿನ ನೇಪಿಯರ್ ಕಾರುಗಳು ಹಸಿರು ಬಳಿದುಕೊಂಡು ಇಳಿದವು. ಮುಂದೆ ಹಸಿರೇ ಬ್ರಿಟನ್ನಿನ ರೇಸಿಂಗ್ ಬಣ್ಣವಾಯಿತು. 1961ರ ಮಾರ್ಚಿನಲ್ಲಿ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕೊವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿ ಜಿನೀವಾ ಮೋಟಾರು ಪ್ರದರ್ಶನಕ್ಕೆ ತಲುಪಿಸಿದ ಇ-ಟೈಪ್‌ನದೂ ಇದೇ ಬಣ್ಣ.

ತೆರೆದ ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿ. ಎಂಜಿನ್ ಹೊತ್ತ ಕೊಳವೆಗಳ ಚೌಕಟ್ಟಿಗೂ ಕಾರ್ಖಾನೆ ಮೈಬಣ್ಣವನ್ನೇ ಹಚ್ಚುತ್ತಿತ್ತು. ಮುಂದೆ ಬೇರೆ ಬಣ್ಣ ಹೊಡೆಸಿಕೊಂಡ ಕಾರುಗಳಲ್ಲೂ ಹುಟ್ಟುಬಣ್ಣ ಸಿಗುವುದು ಹೆಚ್ಚಾಗಿ ಇಂಥ ಸಂದಿಗಳಲ್ಲೇ. ಪುನಃ ಬಣ್ಣ ಹಚ್ಚಬಹುದು, ಕಾರ್ಖಾನೆಯ ಮೊದಲ ಲೇಪ ಮಾತ್ರ ಮರಳಿ ಬಾರದು. ದಯವಿಟ್ಟು ಮುಟ್ಟಬೇಡಿ.