ಖಲಾಸಿಗಳ ಕೈಯಲ್ಲಿ ಬದುಕಿದ ಹಾಯಿಹಡಗು

ಮೈಸೂರಿನ ಅಶೋಕಪುರಂನ ರೈಲ್ವೆ ಕಾರ್ಯಾಗಾರ ಆರಂಭವಾದದ್ದು 1924ರಲ್ಲಿ, ಸಂಸ್ಥಾನದ ಕಾಲದಲ್ಲಿ. ಓಡಿ ಸವೆದ ಬೋಗಿಗಳು ನಿಗದಿತ ಅವಧಿಗೊಮ್ಮೆ ಅಲ್ಲಿಗೆ ಬರುತ್ತವೆ. ಗಾಲಿಗಳನ್ನು ಕಳಚಿ, ತುಕ್ಕು ತಿಂದ ತಗಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಬಣ್ಣ ಬಳಿದು ಅವುಗಳನ್ನು ಮತ್ತೆ ಹಳಿಗೆ ಬಿಡಲಾಗುತ್ತದೆ. ರೈಲ್ವೆಯಲ್ಲಿ ಇಂತಹ ಕೆಲಸದ ಕೆಳಗಿನ ಮೆಟ್ಟಿಲಲ್ಲಿದ್ದವರಿಗೆ ಬಹುಕಾಲ ಒಂದು ಹುದ್ದೆಯ ಹೆಸರಿತ್ತು: ಖಲಾಸಿ. ಈ ಪದ ಹಳಿಯ ಮೇಲೆ ಹುಟ್ಟಿದ್ದಲ್ಲ. ಅರಬಿ ಮೂಲದ ಈ ಮಾತನ್ನು ನಮ್ಮ ನಾಡಿನಲ್ಲಿ ಹಡಗಿನ ಆಳುಗಳಿಗೆ ಬಳಸುತ್ತಿದ್ದರು. ಸಮುದ್ರವೇ ಕಾಣದ ಮೈಸೂರಿಗೆ ಅದು ಬಂದದ್ದು ಕರಾವಳಿಯ ಕಡೆಯಿಂದ. ಅದರ ಜಾಡು ಹಿಡಿದು ನಾವು ಕಡಲಿನತ್ತ ಹೋಗೋಣ.

ಹಡಗನ್ನು ಯಾರು ಕಟ್ಟಿಸಿದರು, ಯಾರು ಮುಳುಗಿಸಿದರು ಎಂಬುದನ್ನು ಇತಿಹಾಸಕಾರರು ಬರೆದಿದ್ದಾರೆ. ಅದನ್ನು ಯಾರು ರಿಪೇರಿ ಮಾಡುತ್ತಿದ್ದರು ಎಂದು ನಾವು ಕೇಳಿಕೊಂಡದ್ದು ಕಡಿಮೆ. ಮರದ ಹಡಗನ್ನು ಒಮ್ಮೆ ಕಟ್ಟಿ ಬಿಟ್ಟರೆ ಮುಗಿಯುವುದಿಲ್ಲ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಹಲಗೆಯನ್ನು ಒಳಗಿಂದೊಳಗೇ ಜರಡಿ ಮಾಡುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಬಿಸಿಲಿಗೆ ಹಲಗೆಗಳ ಸಂದು ಬಿಡುತ್ತದೆ, ಹಾಯಿ ಹರಿಯುತ್ತದೆ.

14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿನ ಹೆಣ್ಣುಮಕ್ಕಳ ಮದ್ರಸಗಳ ಬಗ್ಗೆ ಬರೆದದ್ದನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ. ಅದೇ ಪ್ರವಾಸಿ ಹಿಂದೂ ಮಹಾಸಾಗರದ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದ ಸಂಗತಿಯನ್ನೂ ದಾಖಲಿಸಿದ್ದಾನೆ. ಬಂಡೆಗೆ ತಾಗಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹೊಲಿದದ್ದು ಬಾಗಿ ತಡೆದುಕೊಳ್ಳುತ್ತದೆ ಎಂಬುದು ಅವನ ವಿವರಣೆ. ಆದರೆ ನಾರು ಕೊಳೆಯುತ್ತದೆ. ಹೊಲಿದ ದೋಣಿಯನ್ನು ಕಾಲಕಾಲಕ್ಕೆ ಬಿಚ್ಚಿ ಮತ್ತೆ ಹೊಲಿಯಬೇಕು. ಅವನಿಗಿಂತ ಮೊದಲು ಬಂದ ಮಾರ್ಕೊ ಪೋಲೊ ಚೀನಾದಿಂದ ಭಾರತಕ್ಕೆ ಬರುತ್ತಿದ್ದ ಹಡಗುಗಳ ಇನ್ನೊಂದು ಪದ್ಧತಿಯನ್ನು ಹೇಳುತ್ತಾನೆ. ಪ್ರತಿ ದುರಸ್ತಿಯಲ್ಲೂ ಹಳೆಯ ಹಲಗೆಯ ಮೇಲೆ ಹೊಸ ಹಲಗೆ ಹೊಡೆಯುತ್ತಿದ್ದರು. ಆರು ಪದರವಾದ ಮೇಲೆ ಆ ಹಡಗನ್ನು ದೂರಪ್ರಯಾಣಕ್ಕೆ ಬಳಸುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ದುರಸ್ತಿಯ ಕಾಲವನ್ನು ಗೊತ್ತುಮಾಡಿದ್ದು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಾಯಿ ಬಿಚ್ಚುವಂತಿರಲಿಲ್ಲ. ಮಂಜಿ, ಮಚ್ವೆಗಳು ಅಳಿವೆಯ ಒಳಗೆ ಬಂದು ನಿಲ್ಲುತ್ತಿದ್ದವು. ಉರುಳುಮರ ಹಾಸಿ, ಹಗ್ಗ ಕಟ್ಟಿ, ಒಂದೇ ಸ್ವರದಲ್ಲಿ ಕೂಗುತ್ತಾ ಅವುಗಳನ್ನು ದಡಕ್ಕೆಳೆದು ಮಡಲಿನ ಚಪ್ಪರ ಹೊದಿಸುತ್ತಿದ್ದರು. ಆಮೇಲೆ ತಳಕ್ಕೆ ಅಂಟಿದ ಚಿಪ್ಪು, ಪಾಚಿಯನ್ನು ಕೆರೆಯುವುದು. ಸುತ್ತಿಗೆಯಿಂದ ತಟ್ಟಿದರೆ ಸದ್ದಿನಲ್ಲೇ ಹಲಗೆ ಗಟ್ಟಿಯೋ ಪೊಳ್ಳೋ ಎಂದು ಅನುಭವಿಗೆ ಗೊತ್ತಾಗುತ್ತದೆ. ಪೊಳ್ಳಾದದ್ದನ್ನು ಕಿತ್ತು ಅದೇ ಬಾಗಿನ ಹಲಗೆ ಕೂರಿಸಬೇಕು. ಸಂದುಗಳಿಗೆ ಎಣ್ಣೆಯಲ್ಲಿ ನೆನೆದ ಹತ್ತಿಯ ಬತ್ತಿಯನ್ನು ಮೊಂಡು ಉಳಿ, ಕೊಡತಿಯಿಂದ ತುರುಕಿ, ಮೇಲೆ ಧೂಪದ ಮರದ ಅಂಟನ್ನು ಕಾಯಿಸಿ ಬಳಿಯುವುದು. ಬತ್ತಿ ಕಡಿಮೆಯಾದರೆ ನೀರು ನುಗ್ಗುತ್ತದೆ. ಹೆಚ್ಚಾದರೆ, ನೀರಿಗಿಳಿದು ಹಲಗೆ ಉಬ್ಬಿದಾಗ ಮೊಳೆಯೇ ಎದ್ದು ಬರುತ್ತದೆ. ಈ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಅದಿದ್ದದ್ದು ಕೈಯಲ್ಲಿ. ಕೊನೆಗೆ ಹೊರಮೈಗೆ ಬೂತಾಯಿ ಮೀನಿನ ಎಣ್ಣೆ, ಹುಳು ಬಾರದಂತೆ ತಳಕ್ಕೆ ಚಿಪ್ಪಿನ ಸುಣ್ಣ ಮತ್ತು ಕೊಬ್ಬಿನ ಲೇಪ. ವಾಸನೆಯ ಮಾತು ಬೇಡ!

ಅಮಿನಿ, ಕಡಮತ್ತು ಮೊದಲಾದ ದ್ವೀಪಗಳ ಮುಸ್ಲಿಮರಿಗೆ ಈ ಕೆಲಸ ಜೀವನ್ಮರಣದ ಪ್ರಶ್ನೆಯಾಗಿತ್ತು. ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿದ್ದ ಈ ದ್ವೀಪಗಳು ಅವನ ಪತನದ ನಂತರ 1956ರವರೆಗೆ ಮಂಗಳೂರಿನ ಆಡಳಿತಕ್ಕೆ ಸೇರಿದ್ದವು. ಅವರು ಓಡಗಳಲ್ಲಿ ತೆಂಗಿನ ನಾರು ತಂದು ಅಕ್ಕಿ ಒಯ್ಯುತ್ತಿದ್ದರು. ಹಲಗೆಗೆ ಬೇಕಾದ ಒಳ್ಳೆಯ ಮರ ದ್ವೀಪದಲ್ಲಿ ಬೆಳೆಯದು, ಅದೂ ದಡದಿಂದಲೇ ಹೋಗಬೇಕಿತ್ತು. ಓಡ ಸೋರಿದರೆ ಮನೆಯಲ್ಲಿ ಅನ್ನವಿಲ್ಲ.

ಇನ್ನು ಮೈಸೂರಿನ ದೊರೆಗಳ ನೌಕಾಪಡೆ. ಮಂಗಳೂರಿನಲ್ಲಿ ಹೈದರಲಿ ಕಟ್ಟಿಸಿದ ಹಡಗುಗಳನ್ನು 1768ರಲ್ಲಿ ಬ್ರಿಟಿಷರು ವಶಪಡಿಸಿಕೊಂಡರು. ಮತ್ತೆ ಕಟ್ಟಿದವುಗಳನ್ನು 1780ರಲ್ಲಿ ಅಡ್ಮಿರಲ್ ಹ್ಯೂಸ್ ನಾಶಮಾಡಿದ. 1786ರಲ್ಲಿ ಟಿಪ್ಪುವಿನ ರಾಯಭಾರಿಗಳು ತದಡಿಯಿಂದ ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲಿಗೆ ಹೊರಟರು. ಹೋದವರಲ್ಲಿ ಬಹುಮಂದಿ ಮರಳಲಿಲ್ಲ. ಆದರೂ 1796ರಲ್ಲಿ ಟಿಪ್ಪು ಮಂಗಳೂರೂ ಸೇರಿ ಮೂರು ಕಡೆ 40 ಯುದ್ಧನೌಕೆ ಕಟ್ಟಲು ಹುಕುಂ ಹೊರಡಿಸಿದ. ಅದರ ವಿವರಗಳನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ. ಇದನ್ನು ಹುಚ್ಚು ಕನಸೆಂದು ಗೇಲಿ ಮಾಡಿದವರಿದ್ದಾರೆ, ಆ ಹಡಗುಗಳೆಲ್ಲ ತೇಲಿಯೇ ಬಿಟ್ಟವೆಂಬಂತೆ ಬರೆದ ನಮ್ಮವರೂ ಇದ್ದಾರೆ. ಎರಡೂ ಸರಿಯಲ್ಲ. ಸುಲ್ತಾನನಿಗೆ ತೇಗವಿತ್ತು, ದೂರದೃಷ್ಟಿಯಿತ್ತು. ಇರದಿದ್ದದ್ದು ಸಮಯ. ಮೂರು ವರ್ಷಗಳಲ್ಲಿ ಶ್ರೀರಂಗಪಟ್ಟಣವೇ ಬಿತ್ತು. ಅತ್ತ ಮುಂಬಯಿಯ ಗೋದಿಯಲ್ಲಿ ವಾಡಿಯಾ ಮನೆತನ ತಲೆಮಾರುಗಳಿಂದ ಕಟ್ಟುವುದನ್ನೂ ದುರಸ್ತಿಯನ್ನೂ ಒಟ್ಟಿಗೇ ಮಾಡುತ್ತಿತ್ತು. ಮಲಬಾರಿನ ತೇಗದಿಂದ ಅವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇನ್ನೂ ತೇಲುತ್ತಿದೆ. ಅದರ ಜೀರ್ಣೋದ್ಧಾರಕ್ಕೆ 1990ರಿಂದ 2001ರವರೆಗೆ ಹನ್ನೊಂದು ವರ್ಷ ಹಿಡಿಯಿತು.

ನಮ್ಮಲ್ಲಿ ಮಂಗಳೂರು ಹೆಂಚು ಹೊತ್ತು ಹೋಗುತ್ತಿದ್ದ ಮಂಜಿಗಳಿಗೆ ಕಾಲಕ್ರಮೇಣ ಎಂಜಿನ್ ಬಂತು, ಹಾಯಿ ಇಳಿಯಿತು. ಮೀನುಗಾರರ ದೋಣಿಗಳಿಗೆ ಫೈಬರ್ ಬಂದ ಮೇಲೆ ಬತ್ತಿ ತುರುಕುವ ಕೈಗಳಿಗೆ ಕೆಲಸ ಕಡಿಮೆಯಾಯಿತು.

ಆದರೆ ಆ ವಿದ್ಯೆ ಒಮ್ಮೆ ರೈಲಿಗೇ ಒದಗಿತು. 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಸಮೀಪದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಉರುಳಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಮುಳುಗಿದ ಬೋಗಿಗಳನ್ನು ಮೇಲೆತ್ತಲು ಬೇಪೂರಿನ ಮಾಪಿಳ್ಳ ಖಲಾಸಿಗಳನ್ನು ಕರೆಸಲಾಯಿತು. ಉರು ಹಡಗುಗಳನ್ನು ನೀರಿಗಿಳಿಸುವ, ದಡಕ್ಕೆಳೆಯುವ ಅದೇ ಹಗ್ಗ, ರಾಟೆಗಳೊಂದಿಗೆ ಅವರು ಬಂದು ಬೋಗಿಗಳನ್ನು ದಡಕ್ಕೆ ತಂದರು. ರೈಲ್ವೆಯಲ್ಲಿ ಮುಂದೆ ಖಲಾಸಿಯ ಹುದ್ದೆಗೆ ಹೆಲ್ಪರ್ ಎಂಬ ಹೆಸರು ಬಂತು.